ಕವರ್ ಹಾಡುಗಳ ಡೆತ್ ಮೆಟಲ್ ಇಪಿ: ಯಾವುದಕ್ಕೆ ದುಡ್ಡು ಹಾಕಬೇಕು?

ಕವರ್ ಹಾಡುಗಳಿಗೋಸ್ಕರ, ಅಂದರೆ ಬೇರೆ ಬ್ಯಾಂಡಿನ ಹಾಡನ್ನು ತಮ್ಮ ರೀತಿಯಲ್ಲಿ ನುಡಿಸಿದ್ದಕ್ಕೋಸ್ಕರ, ಒಂದೇ ಒಂದು ಡೆತ್ ಮೆಟಲ್ (ಭಾರೀ ಗಿಟಾರ್, ಗೊಗ್ಗರು ಗಂಟಲಿನ ರಾಕ್) ಇಪಿ (ಆಲ್ಬಂಗಿಂತ ಚಿಕ್ಕ ಬಿಡುಗಡೆ) ಕೊಳ್ಳುವುದಾದರೆ ಕ್ಯಾನಿಬಲ್ ಕಾರ್ಪ್ಸ್ ಬ್ಯಾಂಡಿನ ‘ಹ್ಯಾಮರ್ ಸ್ಮ್ಯಾಶ್ಡ್ ಫೇಸ್’ ಕೊಳ್ಳಿ. 1993ರದ್ದು, ಹಳೆಯದು, ಐದೇ ಹಾಡು. ಆದರೂ ಅದೇ. ವೇಡರ್ ಬ್ಯಾಂಡಿನ ‘ರೇನ್ ಫಾರೆವರ್ ವರ್ಲ್ಡ್’ ಎರಡನೆಯದು. ನೇಪಾಮ್ ಡೆತ್ ಅವರ ‘ಲೀಡರ್ಸ್ ನಾಟ್ ಫಾಲೋವರ್ಸ್’ ಕೇಳುವುದಕ್ಕೆ ಬಲು ಚೆನ್ನ, ಆದರೆ ನುಡಿಸಲು ಕೂತರೆ ಮೊದಲು ಸುಸ್ತಾಗುವುದು ಡ್ರಮ್ಮರ್. ಬೆಹೆಮಥ್, ಆರ್ಚ್ ಎನಿಮಿ ಬ್ಯಾಂಡುಗಳ ಬಗ್ಗೆ ಕೆಳಗೆ ಒಂದೆರಡು ಮಾತು ಸಾಕು.

ಈ ಲೆಕ್ಕಾಚಾರ ಎಲ್ಲರಿಗೂ ಒಪ್ಪುವುದಿಲ್ಲ. ಇದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಂಥ ಊರಲ್ಲಿ ಒಂದೇ ಎಲೆಕ್ಟ್ರಿಕ್ ಗಿಟಾರ್, ಒಂದು ಸಣ್ಣ ಆಂಪ್, ಒಂದು ಹಳೆ ಲ್ಯಾಪ್‌ಟಾಪ್ ಇಟ್ಟುಕೊಂಡು ಈ ಹಾಡುಗಳನ್ನು ಕಲಿಯಲು ಹೊರಟವರ ಲೆಕ್ಕ. ನಾಲ್ಕು ಗಿಟಾರ್ ಗೋಡೆಗೆ ನೇತುಹಾಕಿರುವವರಿಗೆ ಕೆಳಗಿನ ಅರ್ಧ ತಕರಾರು ತಕರಾರೇ ಅಲ್ಲ.

ಹೊಸ ಇಪಿ ಬಂದಾಗಲೆಲ್ಲ ಅದೇ ಮಾದರಿ: ಒಂದೆರಡು ಹೊಸ ಹಾಡು, ಆಲ್ಬಂನಲ್ಲಿ ಜಾಗ ಸಿಗದೆ ಉಳಿದ ಒಂದು, ಕೊನೆಗೆ ಎರಡೋ ಮೂರೋ ಕವರ್. ಎರಡು ಆಲ್ಬಂಗಳ ನಡುವೆ ಹೆಸರು ಮರೆಯದಿರಲಿ, ಟೂರಿನಲ್ಲಿ ಮಾರಲು ಏನಾದರೂ ಇರಲಿ ಎಂದು ಮಾಡುವ ಕೆಲಸ. ಹಾಗಾಗಿ ಕವರ್ ಹಾಡನ್ನು ಬಹುಮಂದಿ ಭರ್ತಿಯ ಸಾಮಾನು ಅಂದುಕೊಳ್ಳುತ್ತಾರೆ. ಹಲವು ಸಲ ಹಾಗೇ ಇರುತ್ತದೆ ಕೂಡ. ಆದರೆ ಒಂದು ಬ್ಯಾಂಡು ಹೇಗೆ ಯೋಚಿಸುತ್ತದೆ ಎಂದು ತಿಳಿಯಲು ಕವರ್‌ಗಿಂತ ಒಳ್ಳೆಯ ದಾರಿಯಿಲ್ಲ. ಮೂಲ ನಮ್ಮ ಕಿವಿಯಲ್ಲಿ ಇರುತ್ತದೆ, ಬದಲಾಯಿಸಿದ್ದು ಎದುರಿಗೆ ಕಾಣುತ್ತದೆ.

ಡೆತ್ ಮೆಟಲ್ ಬ್ಯಾಂಡು ಬೇರೆಯವರ ಹಾಡು ಎತ್ತಿಕೊಂಡಾಗ ಮೊದಲು ಕಳೆದುಹೋಗುವುದು ಗಾಯನದ ರಾಗ, ಏಕೆಂದರೆ ಅವರು ಹಾಡುವುದು ಗ್ರೌಲ್, ಅಂದರೆ ಗಂಟಲಿನಾಳದ ಗುರುಗುಟ್ಟುವಿಕೆ. ಗ್ರೌಲ್‌ನಲ್ಲಿ ಲಯ ಇದೆ, ವ್ಯಂಜನಗಳ ಪೆಟ್ಟು ಇದೆ, ಸ್ವರಸ್ಥಾನ ಇಲ್ಲ. ಮೂಲ ಹಾಡು ಗಾಯಕನ ಗಂಟಲಿನ ಮೇಲೆ ನಿಂತಿದ್ದರೆ ಕವರ್ ಬೋಳಾಗುತ್ತದೆ. ಗಿಟಾರ್ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಮೇಲೆ ನಿಂತಿದ್ದರೆ ಬದುಕುತ್ತದೆ, ಕೆಲವೊಮ್ಮೆ ಮೂಲಕ್ಕಿಂತ ಗಟ್ಟಿಯಾಗುತ್ತದೆ. ಡೆತ್ ಬ್ಯಾಂಡಿನ ಚಕ್ ಶುಲ್ಡಿನರ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1998ರ ‘ದ ಸೌಂಡ್ ಆಫ್ ಪರ್ಸಿವಿಯರೆನ್ಸ್’ ಆಲ್ಬಂ ಕೊನೆಯಲ್ಲಿ ಜೂಡಸ್ ಪ್ರೀಸ್ಟ್‌ನ ‘ಪೇನ್‌ಕಿಲ್ಲರ್’ ಹಾಡುವಾಗ ಆತ ಗ್ರೌಲ್ ನಂಬಿ ಕೂರಲಿಲ್ಲ, ಮೇಲಿನ ಸ್ಥಾಯಿಯಲ್ಲಿ ಚೀರಿದ. ಆ ಹಾಡಿಗೆ ಬೇರೆ ದಾರಿಯೇ ಇಲ್ಲ.

ಈ ಒಂದು ಅಳತೆ ಇಟ್ಟುಕೊಂಡರೆ ಕ್ಯಾನಿಬಲ್ ಕಾರ್ಪ್ಸ್ ಯಾಕೆ ಗೆಲ್ಲುತ್ತದೆ ಎಂಬುದು ಸುಲಭ. ಅವರು ಆರಿಸಿಕೊಂಡದ್ದು ಬ್ಲ್ಯಾಕ್ ಸಬಾತ್‌ನ ‘ಝೀರೋ ದ ಹೀರೋ’. ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಸಬಾತ್ ಜೊತೆ ಹಾಡಿದ ಏಕೈಕ ಸ್ಟುಡಿಯೋ ಆಲ್ಬಂ, 1983ರ ‘ಬಾರ್ನ್ ಅಗೇನ್’, ಅದರಲ್ಲಿನ ಹಾಡು. ಸಬಾತ್ ಅಂದರೆ ಎಲ್ಲರೂ ಮೊದಲ ಗಾಯಕ ಓಝಿ ಕಾಲದ ಹಾಡಿಗೆ ಕೈಹಾಕುವಾಗ ಇವರು ಇದನ್ನು ಎತ್ತಿಕೊಂಡದ್ದೇ ಜಾಣತನ. ಗಿಲನ್ ಇಲ್ಲಿ ಚರಣಗಳನ್ನು ಹಾಡುವುದಕ್ಕಿಂತ ಹೆಚ್ಚಾಗಿ ಲಯಕ್ಕೆ ಕಟ್ಟಿ ಒದರುತ್ತಾನೆ. ಕ್ಯಾನಿಬಲ್ ಕಾರ್ಪ್ಸ್ ಗಾಯಕ ಕ್ರಿಸ್ ಬಾರ್ನ್ಸ್ ಅದನ್ನೇ ಗ್ರೌಲ್‌ಗೆ ಇಳಿಸಿದಾಗ ಕಳೆದುಕೊಳ್ಳುವುದು ಏನೂ ಇಲ್ಲ. ಇನ್ನು ಕೆಳಗಡೆ ಸಬಾತ್ ಗಿಟಾರಿಸ್ಟ್ ಟೋನಿ ಐಯೋಮಿಯ ರಿಫ್: ನಿಧಾನ, ಪಟ್ಟುಬಿಡದೆ ಸುತ್ತುವಂಥದ್ದು, ಅದೇ ಹಾಡಿನ ಬೆನ್ನುಮೂಳೆ. ‘ಬಾರ್ನ್ ಅಗೇನ್’ ಆಲ್ಬಂ ಮಿಕ್ಸ್ ಮಸುಕು ಎಂಬ ದೂರು ಮೊದಲಿನಿಂದಲೂ ಇದೆ. ಗಿಟಾರ್ ಮೇಲೆ ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ಕ್ಯಾನಿಬಲ್ ಕಾರ್ಪ್ಸ್ ಆವೃತ್ತಿಯಲ್ಲಿ ರಿಫ್‌ನ ಪ್ರತಿ ಪಾಮ್-ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಅದುಮಿ ಮೀಟಿದ) ಪೆಟ್ಟು ಬಿಡಿಬಿಡಿಯಾಗಿ ಸಿಗುತ್ತದೆ. ಕಲಿಯುವವನಿಗೆ ಮೂಲಕ್ಕಿಂತ ಕವರ್ ಅನುಕೂಲ ಎನ್ನಬಹುದಾದ ಅಪರೂಪದ ಹಾಡು ಇದು.

ಇನ್ನೊಂದು ಕವರ್ ಪೊಸೆಸ್ಡ್ ಬ್ಯಾಂಡಿನ ‘ದಿ ಎಕ್ಸಾರ್ಸಿಸ್ಟ್’. 1985ರ ‘ಸೆವೆನ್ ಚರ್ಚಸ್’ ಆಲ್ಬಂನ ಮೊದಲ ಹಾಡು. ಆ ಆಲ್ಬಂನ ಕೊನೆಯ ಹಾಡಿನ ಹೆಸರೇ ‘ಡೆತ್ ಮೆಟಲ್’. ಅಂದರೆ ಒಂದು ಕವರ್ ಅಜ್ಜನ ಮನೆಯದು, ಇನ್ನೊಂದು ಅಪ್ಪನ ಮನೆಯದು. ಎರಡನ್ನೂ ಒಟ್ಟಿಗೆ ಕೇಳಿದರೆ ಈ ಸಂಗೀತ ಎಲ್ಲಿಂದ ಎಲ್ಲಿಗೆ ಬಂತು ಅನ್ನುವುದು ಸುಮಾರು ಹನ್ನೊಂದು ನಿಮಿಷದಲ್ಲಿ ಮುಗಿಯುತ್ತದೆ.

ತಕರಾರು ಇಲ್ಲವೆಂದಲ್ಲ. ಉಳಿದ ಮೂರು ಹಾಡುಗಳೂ ಮೊದಲ ಮೂರು ಆಲ್ಬಂಗಳಿಂದ ತಂದವು: ಶೀರ್ಷಿಕೆ ಹಾಡು ‘ಟೂಮ್ ಆಫ್ ದ ಮ್ಯುಟಿಲೇಟೆಡ್’ (1992) ಆಲ್ಬಂನದು, ಇನ್ನೆರಡು ಅದಕ್ಕೂ ಹಿಂದಿನ ಎರಡರವು. ಆಲ್ಬಂಗಳು ಕೈಯಲ್ಲಿದ್ದರೆ ನೀವು ಎರಡು ಹಾಡಿಗೆ ಐದು ಹಾಡಿನ ದುಡ್ಡು ಕೊಟ್ಟಹಾಗೆ. ಬಾಸ್ ನುಡಿಸುವವರಿಗೆ ಮಾತ್ರ ಸಮಾಧಾನ ಇದೆ. ಶೀರ್ಷಿಕೆ ಹಾಡಿನಲ್ಲಿ ಉಳಿದವರು ಸುಮ್ಮನಾದಾಗ ಅಲೆಕ್ಸ್ ವೆಬ್‌ಸ್ಟರ್ ಒಬ್ಬನೇ ಬೆರಳಿನಲ್ಲಿ ಓಡುವ ಆ ತುಣುಕು, ಪಿಕ್ ಹಿಡಿದು ಬಾಸ್ ನುಡಿಸುವವರ ಅಭಿಮಾನ ಮುರಿಯಲು ಸಾಕು.

ವೇಡರ್ ಕಡೆ ಹೋಗೋಣ. ಪೋಲೆಂಡಿನವರು, ಓಲ್ಶ್ಟಿನ್ ಊರಿನವರು, 1983ರಿಂದ ಇರುವ ಬ್ಯಾಂಡು. ‘ರೇನ್ ಫಾರೆವರ್ ವರ್ಲ್ಡ್’ ಬಂದದ್ದು ‘ಲಿಟನಿ’ (2000) ಆಲ್ಬಂ ಬೆನ್ನಿಗೆ. ಇದರಲ್ಲಿ ಮೂರು ಕವರ್: ಡಿಸ್ಟ್ರಕ್ಷನ್‌ನ ‘ಟೋಟಲ್ ಡಿಸಾಸ್ಟರ್’, ಜೂಡಸ್ ಪ್ರೀಸ್ಟ್‌ನ ‘ರ್ಯಾಪಿಡ್ ಫೈರ್’, ಬ್ಲ್ಯಾಕ್ ಮೆಟಲ್ ಬ್ಯಾಂಡು ಮೇಹೆಮ್‌ನ ‘ಫ್ರೀಝಿಂಗ್ ಮೂನ್’. ದುಡ್ಡಿನ ಲೆಕ್ಕದಲ್ಲಿ ಕ್ಯಾನಿಬಲ್ ಕಾರ್ಪ್ಸ್‌ಗಿಂತ ಇದೇ ಲಾಭ: ಕವರ್ ಒಂದು ಹೆಚ್ಚು, ಜೊತೆಗೆ ಆಲ್ಬಂನಲ್ಲಿಲ್ಲದ ಸ್ವಂತ ಹಾಡುಗಳು.

‘ರ್ಯಾಪಿಡ್ ಫೈರ್’ ಒಂದಕ್ಕೇ ಈ ಇಪಿ ಕೇಳಬಹುದು. 1980ರ ‘ಬ್ರಿಟಿಷ್ ಸ್ಟೀಲ್’ ಆಲ್ಬಂನ ಈ ಹಾಡಿನಲ್ಲಿ ರಾಬ್ ಹಾಲ್ಫರ್ಡ್ ತನ್ನ ಪ್ರಸಿದ್ಧ ಚೀರು ಬದಿಗಿಟ್ಟು ಮಾತುಗಳನ್ನು ಗುಂಡು ಹಾರಿಸಿದ ಹಾಗೆ ಬಿಡುತ್ತಾನೆ. ಪ್ರೀಸ್ಟ್ ಹಾಡುಗಳ ಪೈಕಿ ಗ್ರೌಲ್‌ಗೆ ಹೊಂದುವಂಥದ್ದು ಹುಡುಕಿದರೆ ಮೊದಲು ಸಿಗುವುದು ಇದೇ. ವೇಡರ್ ಗಾಯಕ ಪೀಟರ್ ಗಂಟಲು ಉಳಿದ ಡೆತ್ ಮೆಟಲ್ ಗಾಯಕರಿಗಿಂತ ಸ್ಪಷ್ಟ, ಪದ ಕೇಳಿಸುತ್ತದೆ. ಹಿಂದೆ ಡಾಕ್ ಎಂಬ ಹೆಸರಿನ ಡ್ರಮ್ಮರ್ ಕ್ಷಿಷ್ಟೋಫ್ ರಾಚ್ಕೋವ್ಸ್ಕಿಯ ಡಬಲ್ ಬಾಸ್ (ಎರಡೂ ಕಾಲಿನಲ್ಲಿ ಬಾರಿಸುವ ಬಾಸ್ ಡ್ರಮ್). ಮೂಲದಲ್ಲಿ ಕುದುರೆ ಓಟವಾಗಿದ್ದುದು ಇಲ್ಲಿ ರೈಲು.

‘ಫ್ರೀಝಿಂಗ್ ಮೂನ್’ ಮಾತ್ರ ಸೋತಿದೆ. ತಪ್ಪಿಲ್ಲದೆ ನುಡಿಸಿದ್ದಾರೆ, ಸೋತದ್ದು ಸದ್ದಿನಲ್ಲಿ. ಮೂಲ ಹಾಡಿನ ಚಳಿ ಹುಟ್ಟುವುದು ತೆಳು ಗಿಟಾರ್‌ನಿಂದ, ತಂತಿಗಳನ್ನು ಒಂದೊಂದಾಗಿ ಮೀಟುತ್ತ ಬಿಟ್ಟ ಖಾಲಿಯಿಂದ. ವೇಡರ್‌ನ ದಪ್ಪ, ತುಂಬಿದ ಗಿಟಾರ್ ಅಲ್ಲಿಗೆ ಬಂದ ಕೂಡಲೇ ಖಾಲಿ ಭರ್ತಿಯಾಗುತ್ತದೆ, ಚಳಿ ಹೋಗುತ್ತದೆ. ಬ್ಲ್ಯಾಕ್ ಮೆಟಲ್ ಹಾಡನ್ನು ಡೆತ್ ಮೆಟಲ್ ಟೋನ್‌ನಲ್ಲಿ ನುಡಿಸುವವರು ಗೇನ್ ಅರ್ಧಕ್ಕೆ ಇಳಿಸಿ, ಬಾಸ್ ನಾಬ್ ಕಡಿಮೆ ಮಾಡಿ ಶುರು ಮಾಡಬೇಕು ಅನ್ನುವುದಕ್ಕೆ ಇದು ಒಳ್ಳೆಯ ಪಾಠ. ‘ಟೋಟಲ್ ಡಿಸಾಸ್ಟರ್’ ನೇರ ಥ್ರ್ಯಾಶ್. ಕೆಟ್ಟಿಲ್ಲ, ನೆನಪಲ್ಲೂ ಉಳಿಯುವುದಿಲ್ಲ.

ಗಿಟಾರ್ ಈಗ ತಾನೆ ಹಿಡಿದವರು ವೇಡರ್‌ನದ್ದೇ ಹಳೆಯ ‘ಸೋಥಿಸ್’ (1994) ನೋಡಬಹುದು. ಅದರಲ್ಲಿ ‘ಬ್ಲ್ಯಾಕ್ ಸಬಾತ್’ ಹಾಡಿನ ಕವರ್ ಇದೆ. ಮೂಲ ರಿಫ್ ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿ ಮಧ್ಯಮ. ಕಲ್ಯಾಣಿ ರಾಗದಲ್ಲಿ ಮಂಗಳಕರವಾಗಿ ಕೂತಿರುವ ಅದೇ ಪ್ರತಿ ಮಧ್ಯಮವನ್ನು ಗಾಂಧಾರ, ಪಂಚಮ ಏನೂ ಇಲ್ಲದೆ ಒಂಟಿಯಾಗಿ ನಿಲ್ಲಿಸಿ, ಅಲ್ಲಾಡಿಸಿದರೆ ಮೈ ಜುಂ ಎನ್ನುತ್ತದೆ. ಸಂಗೀತ ಪಾಠಕ್ಕೆ ಹೋದ ಮಕ್ಕಳು ಇದನ್ನು ಐದು ನಿಮಿಷದಲ್ಲಿ ಹಿಡಿಯುತ್ತಾರೆ. ಆ ನಿಧಾನದಲ್ಲಿ ಲಯ ಬಿಡದೆ ನುಡಿಸುವುದಕ್ಕೆ ಮಾತ್ರ ತಿಂಗಳು ಬೇಕು.

ನೇಪಾಮ್ ಡೆತ್‌ನ ‘ಲೀಡರ್ಸ್ ನಾಟ್ ಫಾಲೋವರ್ಸ್’ (1999) ಆರಕ್ಕೆ ಆರೂ ಕವರ್. ಇಟಲಿಯ ರಾ ಪವರ್, ಕೆನಡಾದ ಸ್ಲಾಟರ್, ಚಿಲಿಯ ಪೆಂಟಗ್ರಾಮ್, ಅಮೆರಿಕದ ರಿಪಲ್ಷನ್, ಡೆತ್, ಡೆಡ್ ಕೆನಡೀಸ್. ಕ್ಯಾಸೆಟ್ ಅದಲುಬದಲು ಮಾಡಿಕೊಳ್ಳುತ್ತಿದ್ದ ಕಾಲದ ಒಂದು ನಕ್ಷೆಯೇ ಇದು. ಪೆಂಟಗ್ರಾಮ್ ಹೆಸರಲ್ಲಿ ಅಮೆರಿಕದ ಡೂಮ್ ಬ್ಯಾಂಡೂ ಇದೆ, ಮೂಲ ಹುಡುಕುವಾಗ ಚಿಲಿ ಅಂತ ಸೇರಿಸಿ ಹುಡುಕಿ. ಇಲ್ಲಿ ಬ್ಯಾಂಡು ಏನನ್ನೂ ಹೆಚ್ಚು ಬದಲಿಸುವುದಿಲ್ಲ. ವೇಗ, ಕೊಳಕು, ಅರಚು ಎಲ್ಲ ಮೂಲದಲ್ಲೇ ಇದೆ. ಅದೇ ಇದರ ಬಲ, ಅದೇ ಮಿತಿ. ಕಲಿಯುವವನಿಗೆ ಎಡಗೈ ಕೆಲಸ ಕಡಿಮೆ, ಬಲಗೈ ಕೆಲಸ ವಿಪರೀತ. ಮಣಿಕಟ್ಟಿನಿಂದ ಮೀಟದೆ ಮೊಣಕೈಯಿಂದ ಮೀಟುವ ಅಭ್ಯಾಸ ಇದ್ದರೆ ಎರಡನೇ ಹಾಡಿಗೆ ಮುಂಗೈ ಕಟ್ಟಿಕೊಳ್ಳುತ್ತದೆ.

ಈಗ ತಲೆನೋವಿನ ವಿಷಯ. ಇಪಿ ಆರಿಸುವಾಗ ಯಾರೂ ಯೋಚಿಸುವುದಿಲ್ಲ, ಗಿಟಾರ್ ಎತ್ತಿಕೊಂಡ ಮೊದಲ ನಿಮಿಷದಲ್ಲೇ ಎದುರಾಗುತ್ತದೆ: ಟ್ಯೂನಿಂಗ್.

ಕವರ್ ಮಾಡುವ ಬ್ಯಾಂಡು ಹಾಡನ್ನು ತನ್ನ ಟ್ಯೂನಿಂಗ್‌ಗೆ ಎಳೆದುಕೊಳ್ಳುತ್ತದೆ. ಆ ಕಾಲದ ಕ್ಯಾನಿಬಲ್ ಕಾರ್ಪ್ಸ್ ಇ-ಫ್ಲಾಟ್, ಅಂದರೆ ಸ್ಟ್ಯಾಂಡರ್ಡ್‌ಗಿಂತ ಅರ್ಧ ಸ್ವರ ಕೆಳಗೆ. ಡೆತ್ ಡಿ-ಯಲ್ಲಿ, ಒಂದು ಪೂರ್ತಿ ಸ್ವರ ಕೆಳಗೆ. ಆರ್ಚ್ ಎನಿಮಿ ಸಿ. ಕಾರ್ಕಸ್ ಬಿ. ಬೆಹೆಮಥ್ ಕೂಡ ಸಾಕಷ್ಟು ಕೆಳಗೆ. ಒಂದೇ ಗಿಟಾರ್‌ನಲ್ಲಿ ಇಷ್ಟನ್ನೂ ನುಡಿಸುತ್ತೇನೆ ಅಂದರೆ ತಂತಿಯ ಭೌತಶಾಸ್ತ್ರ ಒಪ್ಪುವುದಿಲ್ಲ. 25.5 ಇಂಚು ಸ್ಕೇಲಿನ ಗಿಟಾರ್‌ಗೆ 10-46 ತಂತಿ (ಅತಿ ತೆಳು ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ) ಹಾಕಿ ಸ್ಟ್ಯಾಂಡರ್ಡ್‌ಗೆ ಟ್ಯೂನ್ ಮಾಡಿದರೆ ಆರೂ ತಂತಿ ಸೇರಿ ಎಳೆಯುವುದು ಸುಮಾರು 46 ಕೆಜಿ. ಅರ್ಧ ಸ್ವರ ಇಳಿಸಿದರೆ ಎಳೆತ ಶೇ 11 ಕಡಿಮೆ, ಸುಮಾರು 41 ಕೆಜಿ. ಒಂದು ಸ್ವರಕ್ಕೆ ಶೇ 20ಕ್ಕೂ ಹೆಚ್ಚು, 37ರ ಆಸುಪಾಸು. ಬಿ-ಗೆ ಇಳಿಸಿದರೆ ಶೇ 44 ಹೋಗಿ 26 ಕೆಜಿಗೆ ಬರುತ್ತದೆ; ತಂತಿ ಫ್ರೆಟ್ ಮೇಲೆ ಮಲಗಿ ಪಟಪಟ ಎನ್ನುತ್ತದೆ, ಜೋರಾಗಿ ಮೀಟಿದಾಗ ಸ್ವರ ಮೇಲಕ್ಕೆ ಹೋಗಿ ಆಮೇಲೆ ಇಳಿಯುತ್ತದೆ. ಅದಕ್ಕೆ ದಪ್ಪ ತಂತಿ ಬೇಕು: ಡಿ-ಗೆ 11-52 ಹತ್ತಿರದ್ದು, ಬಿ-ಗೆ 13-62 ಹತ್ತಿರದ್ದು. 10-46 ನಮ್ಮ ಕಡೆಯ ವಾದ್ಯದಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. 13-62 ಅಂದರೆ ಬೆಂಗಳೂರು, ಇಲ್ಲವೇ ಆನ್‌ಲೈನ್.

ಗಟ್ಟಿ ಬ್ರಿಡ್ಜ್ ಇರುವ ಗಿಟಾರ್ ಆದರೆ ಅರ್ಧ ಸ್ವರ ಇಳಿಸುವುದು ಐದು ನಿಮಿಷದ ಮಾತು. ಆದರೆ ಮೆಟಲ್ ನುಡಿಸಬೇಕು ಎಂದು ಆಸೆಪಟ್ಟು ಕೊಂಡ ಗಿಟಾರ್‌ನಲ್ಲಿ ಬಹಳಷ್ಟು ಸಲ ಫ್ಲಾಯ್ಡ್ ರೋಸ್ ಮಾದರಿಯ ತೇಲುವ ಬ್ರಿಡ್ಜ್ ಇರುತ್ತದೆ. ಇದರಲ್ಲಿ ತಂತಿಗಳ ಎಳೆತಕ್ಕೂ ಹಿಂದಿನ ಸ್ಪ್ರಿಂಗ್‌ಗಳ ಎಳೆತಕ್ಕೂ ಸರಿಸಮ ಜಗ್ಗಾಟ. ಆರನೇ ತಂತಿ ಸಡಿಲಿಸಿದ ಕೂಡಲೇ ಸ್ಪ್ರಿಂಗ್ ಗೆದ್ದು ಬ್ರಿಡ್ಜ್ ಹಿಂದಕ್ಕೆ ವಾಲುತ್ತದೆ, ಉಳಿದ ಐದೂ ತಂತಿ ಮೇಲಕ್ಕೆ ಹೋಗುತ್ತವೆ. ಐದನೆಯದನ್ನು ಸರಿಮಾಡಿದರೆ ಆರನೆಯದು ಮತ್ತೆ ತಪ್ಪುತ್ತದೆ. ಟ್ಯೂನರ್ ಹಿಡಿದು ಇದರ ಬೆನ್ನು ಹತ್ತಿದರೆ ಸಂಜೆ ಹೋಗುತ್ತದೆ.

ಮಾಡಬೇಕಾದ ಕ್ರಮ ಇದು. ನಟ್ (ಗಿಟಾರ್ ಕತ್ತಿನ ತುದಿಯ ಪಟ್ಟಿ) ಹತ್ತಿರದ ಮೂರು ಲಾಕ್‌ಗಳನ್ನು ಅಲೆನ್ ಕೀಯಿಂದ ಬಿಚ್ಚಿ. ಬ್ರಿಡ್ಜ್ ಮೇಲಿನ ಫೈನ್ ಟ್ಯೂನರ್‌ಗಳನ್ನು ಮಧ್ಯಕ್ಕೆ ತನ್ನಿ; ಪೂರ್ತಿ ಒಳಗಿದ್ದರೆ ಕೊನೆಯಲ್ಲಿ ಹೊಂದಿಸಲು ಜಾಗ ಇರುವುದಿಲ್ಲ. ಗಿಟಾರ್ ಹಿಂದಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಬ್ರಿಡ್ಜ್‌ನ ಲೋಹದ ಗಟ್ಟಿಗೂ ಮರಕ್ಕೂ ನಡುವೆ ಸರಿಯಾದ ದಪ್ಪದ ಮರದ ಚೂರು ಇಡಿ, ಬ್ರಿಡ್ಜ್ ಮೈಗೆ ಸಮಾನಾಂತರವಾಗಿ ನಿಲ್ಲುವ ಹಾಗೆ. ಈಗ ಬ್ರಿಡ್ಜ್ ಅಲ್ಲಾಡುವುದಿಲ್ಲ, ಆರೂ ತಂತಿ ಇ-ಫ್ಲಾಟ್‌ಗೆ ತನ್ನಿ. ಆಮೇಲೆ ಸ್ಪ್ರಿಂಗ್ ಹಿಡಿದಿರುವ ಕ್ಲಾದ ಎರಡು ಸ್ಕ್ರೂಗಳನ್ನು ಅರ್ಧರ್ಧ ಸುತ್ತು, ಎರಡನ್ನೂ ಸಮನಾಗಿ, ಸಡಿಲಿಸುತ್ತ ಬನ್ನಿ. ಮರದ ಚೂರು ತಾನಾಗಿ ಸಡಿಲವಾಗಿ ಬೀಳುವ ಹಂತವೇ ಸರಿಯಾದ ಹಂತ. ತಂತಿಗಳನ್ನು ಕೈಯಲ್ಲಿ ಎಳೆದು ಬಿಟ್ಟು, ಇನ್ನೊಮ್ಮೆ ಟ್ಯೂನ್ ಮಾಡಿ, ನಟ್ ಲಾಕ್ ಮಾಡಿ, ಉಳಿದದ್ದನ್ನು ಫೈನ್ ಟ್ಯೂನರ್‌ನಲ್ಲಿ ಹೊಂದಿಸಿ. ಅಲೆನ್ ಕೀಗೆ ಬಲ ಹಾಕಿ ಬಿಗಿಯಬೇಡಿ. ಅಗ್ಗದ ಬ್ರಿಡ್ಜ್‌ನಲ್ಲಿ ಸ್ಕ್ರೂ ತಲೆ ಒಳಗೆ ಸವೆದು ದುಂಡಾದರೆ ಆಮೇಲೆ ಡ್ರಿಲ್ ಹಾಕಿ ತೆಗೆಯುವ ಪರಿಸ್ಥಿತಿ.

ತಂತಿಯ ದಪ್ಪವೂ ಬದಲಾದರೆ ಇದರ ಮೇಲೆ ಇಂಟೊನೇಶನ್ ಕೆಲಸ (ಪ್ರತಿ ಫ್ರೆಟ್‌ನಲ್ಲೂ ಸ್ವರ ಸರಿಬರುವಂತೆ ತಂತಿಯ ಉದ್ದ ಹೊಂದಿಸುವುದು) ಸೇರುತ್ತದೆ. ಫ್ಲಾಯ್ಡ್ ಮಾದರಿಯಲ್ಲಿ ಸ್ಯಾಡಲ್ ಹಿಂದೆಮುಂದೆ ಸರಿಸಲು ಪ್ರತಿ ಸಲ ತಂತಿ ಸಡಿಲಿಸಬೇಕು, ಸ್ಕ್ರೂ ಬಿಚ್ಚಬೇಕು, ಅಂದಾಜಿನಲ್ಲಿ ಸರಿಸಿ ಬಿಗಿಯಬೇಕು, ಮತ್ತೆ ಟ್ಯೂನ್ ಮಾಡಿ ಹನ್ನೆರಡನೇ ಫ್ರೆಟ್ ನೋಡಬೇಕು. ಆರು ತಂತಿಗೂ. ವಾರಕ್ಕೊಂದು ಬ್ಯಾಂಡಿನ ಹಾಡು ಕಲಿಯಲು ಹೊರಟವರು ಯಾರೂ ಇದನ್ನು ಎರಡನೇ ಸಲ ಮಾಡುವುದಿಲ್ಲ.

ಹಾಗಾದರೆ ಸುಲಭದ ದಾರಿ? ಗಿಟಾರ್ ಮುಟ್ಟಬೇಡಿ, ಹಾಡನ್ನೇ ಎತ್ತಿ. ಆಡಾಸಿಟಿ ಉಚಿತ ಸಾಫ್ಟ್‌ವೇರ್. ಹಾಡು ತೆರೆದು ಎಫೆಕ್ಟ್ ಮೆನುವಿನಲ್ಲಿ ‘ಚೇಂಜ್ ಪಿಚ್’ಗೆ ಹೋಗಿ ಸೆಮಿಟೋನ್ (ಅರ್ಧ ಸ್ವರ) ಜಾಗದಲ್ಲಿ 1 ಎಂದು ಕೊಟ್ಟರೆ ಇ-ಫ್ಲಾಟ್ ಹಾಡು ಇ-ಗೆ ಬರುತ್ತದೆ. ಹೈ ಕ್ವಾಲಿಟಿ ಆಯ್ಕೆಗೆ ಟಿಕ್ ಹಾಕಿ, ಹಳೆ ಲ್ಯಾಪ್‌ಟಾಪ್‌ನಲ್ಲಿ ತುಸು ಕಾಯಬೇಕು, ಅಷ್ಟೇ. ನಿಧಾನ ಮಾಡಲು ‘ಚೇಂಜ್ ಟೆಂಪೊ’ ಬಳಸಿ. ‘ಚೇಂಜ್ ಸ್ಪೀಡ್’ ಬಳಸಿದರೆ ಸ್ವರವೂ ಇಳಿಯುತ್ತದೆ. ಶೇ 30 ಇಳಿಸಿ ಶುರುಮಾಡುವುದು ಒಳ್ಳೆಯದು.

ಆದರೆ ಈ ಉಪಾಯಕ್ಕೂ ಗಡಿ ಇದೆ. ಒಂದೆರಡು ಸೆಮಿಟೋನ್‌ವರೆಗೆ ಕಿವಿಗೆ ತೊಂದರೆ ಇಲ್ಲ. ನಾಲ್ಕೈದು ಎತ್ತಿದರೆ ಸ್ನೇರ್ ಪೆಟ್ಟಿನ ಅಂಚು ಕರಗುತ್ತದೆ, ಸಿಂಬಲ್ ನೀರಿನೊಳಗಿಂದ ಬಂದ ಹಾಗಾಗುತ್ತದೆ, ಬ್ಲಾಸ್ಟ್‌ಬೀಟ್ (ಅತಿ ವೇಗದ ಡ್ರಮ್ ಪೆಟ್ಟು) ಜಾಗದಲ್ಲಿ ಬರೀ ಗೊರಗೊರ. ಸ್ಟ್ಯಾಂಡರ್ಡ್‌ನಿಂದ ಒಂದೇ ಒಂದು ಸೆಮಿಟೋನ್ ದೂರದಲ್ಲಿರುವ ‘ಹ್ಯಾಮರ್ ಸ್ಮ್ಯಾಶ್ಡ್ ಫೇಸ್’ ಇಲ್ಲಿ ಮಿಕ್ಕವನ್ನೆಲ್ಲ ಹಿಂದೆ ಹಾಕುತ್ತದೆ. ಇ-ಫ್ಲಾಟ್‌ಗೆ ಗಿಟಾರ್ ಇಳಿಸಿ ಹಾಗೇ ಬಿಟ್ಟರೂ ನಷ್ಟವಿಲ್ಲ. 10-46 ತಂತಿಯೇ ಸಾಕು, ಸ್ಲೇಯರ್‌ನ ಬಹುಪಾಲು ಹಾಡುಗಳಿಗೂ ಅದೇ ಟ್ಯೂನಿಂಗ್ ಆಗುತ್ತದೆ.

ಯಾವ ರೂಪದಲ್ಲಿ ಕೊಳ್ಳಬೇಕು ಎಂಬುದೂ ಇದರಿಂದಲೇ ತೀರ್ಮಾನವಾಗುತ್ತದೆ. ಸ್ಟ್ರೀಮಿಂಗ್‌ನಲ್ಲಿ ಕೇಳಿದ ಹಾಡನ್ನು ಆಡಾಸಿಟಿಗೆ ಎಳೆಯಲು ಬರುವುದಿಲ್ಲ. ಕೈಯಲ್ಲಿ ಫೈಲ್ ಬೇಕು. ಅಂದರೆ ಒಂದೋ ಸಿಡಿ, ಒಂದೋ ದುಡ್ಡು ಕೊಟ್ಟ ಡೌನ್‌ಲೋಡ್. ಹೊರದೇಶದಿಂದ ತರಿಸಿದರೆ ಸಿಡಿಗಿಂತ ಅಂಚೆ ಖರ್ಚು ಭಾರ, ಮೇಲೆ ಸಿಡಿ ಹಾಕಲು ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಜಾಗವೇ ಇಲ್ಲ, ಯುಎಸ್‌ಬಿ ಡ್ರೈವ್ ಬೇರೆ ತರಬೇಕು. ಡೌನ್‌ಲೋಡ್ ಸಿಗುವುದಾದರೆ ಎಂಪಿ3 ಬಿಟ್ಟು ಫ್ಲ್ಯಾಕ್ (ಗುಣಮಟ್ಟ ಕಳೆಯದ ಫೈಲ್ ಮಾದರಿ) ಇಳಿಸಿಕೊಳ್ಳಿ. ಪಿಚ್ ಬದಲಿಸುವಾಗ ಎಂಪಿ3 ದೋಷಗಳು ಎದ್ದು ಕಾಣುತ್ತವೆ. ಕಾರ್ಡಿನಲ್ಲಿ ಹೊರದೇಶದ ಪಾವತಿ ಆನ್ ಇದೆಯೇ ನೋಡಿ, ಈಚೆಗೆ ಕೊಟ್ಟ ಕಾರ್ಡುಗಳಲ್ಲಿ ನಾವೇ ಆನ್ ಮಾಡಬೇಕು. ವಿನೈಲ್ ಆಸೆ ಇರುವವರಿಗೆ ಒಂದು ಎಚ್ಚರಿಕೆ: ಎಷ್ಟೋ ಇಪಿಗಳು 45 ಆರ್‌ಪಿಎಂ (ನಿಮಿಷಕ್ಕೆ ಸುತ್ತು). ಮರೆತು 33ರಲ್ಲಿ ಹಾಕಿದರೆ ಹಾಡು ಐದು ಸೆಮಿಟೋನ್‌ಗಿಂತ ತುಸು ಹೆಚ್ಚು ಇಳಿಯುತ್ತದೆ, ಗ್ರೌಲ್ ಇನ್ನೂ ಭಯಂಕರವಾಗುತ್ತದೆ, ಎಷ್ಟೋ ಜನಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಮನೆಯ ಟಿವಿ ಸೌಂಡ್‌ಬಾರ್‌ನಲ್ಲಿ ಇವನ್ನು ಕೇಳಿ ತೀರ್ಪು ಕೊಡಬೇಡಿ. ಸೌಂಡ್‌ಬಾರ್ ಬಾಸ್ ಉಬ್ಬಿಸುತ್ತದೆ. ಗ್ರೌಲ್, ಬಾಸ್ ಗಿಟಾರ್, ಪಾಮ್-ಮ್ಯೂಟ್ ಮೂರೂ ಒಂದೇ ಮುದ್ದೆ. ಸಾಧಾರಣ ವೈರ್ ಇಯರ್‌ಫೋನ್ ಹಾಕಿ, ಈಕ್ವಲೈಸರ್‌ನಲ್ಲಿ 250ರಿಂದ 400 ಹರ್ಟ್ಸ್ ಮೂರು ಡೆಸಿಬಲ್ ತಗ್ಗಿಸಿ, 2 ಕಿಲೋಹರ್ಟ್ಸ್ ಸುತ್ತ ಅಷ್ಟೇ ಏರಿಸಿದರೆ ಪಿಕ್ ತಂತಿಗೆ ತಾಗುವ ಸದ್ದು ಸಿಗುತ್ತದೆ. ಶೀಟ್ ಹೊದಿಸಿದ ಕೋಣೆಯಲ್ಲಿ ಸ್ಪೀಕರ್ ಹಾಕಿದರೆ ಛಾವಣಿಯೇ ಇನ್ನೊಂದು ವಾದ್ಯವಾಗುತ್ತದೆ, ಅದು ಬೇಡ.

ಬೆಹೆಮಥ್‌ನ ‘ಕಾಂಜುರೇಶನ್’ (2003): ವೆನಮ್‌ನ ‘ವೆಲ್ಕಮ್ ಟು ಹೆಲ್’ ಎಲ್ಲರೂ ಮಾಡುವ ಆಯ್ಕೆ. ನೈನ್ ಇಂಚ್ ನೇಲ್ಸ್‌ನ ‘ವಿಶ್’ ಯಾರೂ ಮಾಡದ ಆಯ್ಕೆ, ಯಂತ್ರದ ಸದ್ದು ತುಂಬಿದ ಹಾಡು ಡೆತ್ ಮೆಟಲ್ ಕೈಗೆ ಬಂದಾಗ ಹೇಗೆ ಬೇರೆಯಾಗುತ್ತದೆ ಎಂದು ನೋಡಲು ಒಮ್ಮೆ ಕೇಳಬೇಕು. ಒಮ್ಮೆ.

ಆರ್ಚ್ ಎನಿಮಿಯ ‘ಡೆಡ್ ಐಸ್ ಸೀ ನೋ ಫ್ಯೂಚರ್’ (2004) ಮೆಲೊಡಿಕ್ ಕಡೆಯದು. ಮೆಗಾಡೆತ್‌ನ ‘ಸಿಂಫನಿ ಆಫ್ ಡಿಸ್ಟ್ರಕ್ಷನ್’ ಇದೆ, ಮೇನೋವಾರ್ ಹಾಡೊಂದಿದೆ, ಕಾರ್ಕಸ್‌ನ ‘ಇನ್‌ಕಾರ್ನೇಟೆಡ್ ಸಾಲ್ವೆಂಟ್ ಅಬ್ಯೂಸ್’ ಇದೆ. ಕೊನೆಯದರಲ್ಲಿ ಒಂದು ತಮಾಷೆ: ಆರ್ಚ್ ಎನಿಮಿ ಕಟ್ಟಿದ ಮೈಕೆಲ್ ಅಮಾಟ್, ಆ ಹಾಡು ಬಂದ 1991ರ ಆಲ್ಬಂ ಹೊತ್ತಿಗೆ ಕಾರ್ಕಸ್‌ನಲ್ಲೇ ಗಿಟಾರ್ ನುಡಿಸುತ್ತಿದ್ದ. ಮನೆಯವನೇ ಬಾಡಿಗೆಗೆ ಬಂದ ಲೆಕ್ಕ. ಮನೆಯಲ್ಲಿ ಬೇರೆಯವರ ಎದುರು ಹಾಕಬಹುದಾದ ಇಪಿ ಇದೊಂದೇ.

ಕಾಲೇಜ್ ಫೆಸ್ಟ್ ವೇದಿಕೆಗೆ ‘ಝೀರೋ ದ ಹೀರೋ’ ತೆಗೆದುಕೊಳ್ಳುವವರು ಗಡಿಯಾರ ನೋಡಿಕೊಳ್ಳಿ. ಕ್ಯಾನಿಬಲ್ ಕಾರ್ಪ್ಸ್ ಆವೃತ್ತಿಯೇ ಆರೂವರೆ ನಿಮಿಷ. ಕೊಟ್ಟಿದ್ದು ಹದಿನೈದು ನಿಮಿಷವಾದರೆ ಹೆಚ್ಚುಕಡಿಮೆ ಅರ್ಧ ಇದಕ್ಕೇ ಹೋಯಿತು. ನಡುವಿನ ಸುತ್ತುಗಳನ್ನು ಅರ್ಧಕ್ಕೆ ಇಳಿಸಿದರೆ ನಾಲ್ಕು ನಿಮಿಷಕ್ಕೆ ತರಬಹುದು. ನಿಧಾನದ ಹಾಡಾದ್ದರಿಂದ ಡಬಲ್ ಪೆಡಲ್ ಇಲ್ಲದ ಡ್ರಮ್ಮರ್ ಕೂಡ ನಿಭಾಯಿಸುತ್ತಾನೆ. ‘ರ್ಯಾಪಿಡ್ ಫೈರ್’ ವೇಡರ್ ಥರ ಮಾಡಬೇಕೆಂದರೆ ಡಬಲ್ ಪೆಡಲ್ ಬೇಕೇ ಬೇಕು. ಬಾಡಿಗೆ ಡ್ರಮ್ ಸೆಟ್ ಜೊತೆ ಅದು ಸಾಮಾನ್ಯವಾಗಿ ಬರುವುದಿಲ್ಲ, ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ನಿಮ್ಮದೇ ಬ್ಯಾಂಡಿನ ಇಪಿಯಲ್ಲಿ ಇಂಥದ್ದೊಂದು ಕವರ್ ಹಾಕುವ ಯೋಚನೆ ಇದ್ದರೆ ಕಾನೂನು ಓದಿ ಇಳಿಯಿರಿ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 31ಸಿ ಕಲಂ ಪ್ರಕಾರ, ಮೂಲ ಹಾಡು ಮೊದಲು ಧ್ವನಿಮುದ್ರಣವಾದ ಕ್ಯಾಲೆಂಡರ್ ವರ್ಷ ಮುಗಿದು ಐದು ವರ್ಷ ಆಗಿದ್ದರೆ ಶಾಸನಬದ್ಧ ಪರವಾನಗಿಯಲ್ಲಿ ಕವರ್ ಮಾಡಬಹುದು. ಮೇಲೆ ಹೇಳಿದ ಎಲ್ಲ ಹಾಡೂ ಆ ಗಡಿ ದಾಟಿವೆ. ಮೊದಲೇ ನೋಟಿಸ್ ಕೊಡಬೇಕು, ಲೇಬಲ್ ಪ್ರತಿ ಕೊಡಬೇಕು, ರಾಯಲ್ಟಿ ಮುಂಗಡ ಕಟ್ಟಬೇಕು. ಸಿಕ್ಕಿಬೀಳುವುದು ಇಲ್ಲಿ: ಪ್ರತಿ ಹಾಡಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಲ್ಟಿ. ನೂರು ಸಿಡಿ ಒತ್ತಿಸಿ ಫೆಸ್ಟ್‌ನಲ್ಲಿ ಮಾರುವ ಬ್ಯಾಂಡಿಗೆ ಇದು ಆಗುವ ಮಾತಲ್ಲ. ಪ್ರಕಾಶಕರಿಂದ ನೇರ ಅನುಮತಿ ಕೇಳುವುದು, ಇಲ್ಲವೇ ಡಿಜಿಟಲ್ ವಿತರಕರು ಕವರ್‌ಗೆಂದು ಕೊಡುವ ಪರವಾನಗಿ ಸೇವೆಗೆ ಹಣ ಕಟ್ಟುವುದು ವಾಸಿ.

ಅದೇ ಕಲಂನಲ್ಲಿ ಇನ್ನೂ ಎರಡು ಕಟ್ಟಳೆ ಇವೆ. ಇದು ಕವರ್ ಎಂದು ಮೇಲೆ ನಮೂದಿಸಬೇಕು, ಮೂಲ ಕಲಾವಿದರ ಹೆಸರನ್ನೋ ಚಿತ್ರವನ್ನೋ ಹಾಕಿ ಗೊಂದಲ ಮಾಡುವಂತಿಲ್ಲ. ಮತ್ತೆ, ತಾಂತ್ರಿಕವಾಗಿ ಅಗತ್ಯವಿಲ್ಲದ ಬದಲಾವಣೆಯನ್ನು ಹಕ್ಕುದಾರರ ಒಪ್ಪಿಗೆಯಿಲ್ಲದೆ ಸಾಹಿತ್ಯದಲ್ಲೋ ಸಂಗೀತದಲ್ಲೋ ಮಾಡುವಂತಿಲ್ಲ. ‘ಝೀರೋ ದ ಹೀರೋ’ ರಿಫ್ ಇಟ್ಟುಕೊಂಡು ಮಾತು ಮಾತ್ರ ಕನ್ನಡದಲ್ಲಿ ಹೊಸದಾಗಿ ಬರೆಯೋಣ ಎಂದು ಹೊರಟವರಿಗೆ ಈ ಪರವಾನಗಿ ಒದಗುವುದಿಲ್ಲ. ಅದಕ್ಕೆ ಪ್ರಕಾಶಕರ ಪ್ರತ್ಯೇಕ ಒಪ್ಪಿಗೆ ಪತ್ರವೇ ಬೇಕು.